ಒಂದೇ ಹಾಳೆಯಲ್ಲಿ ಮೂರು ಮಗ್ಗುಲಿನ ಮುಖ: ಬಳ್ಳಾರಿಯ ಒಂದು ಚಿತ್ರಕಲಾ ತರಗತಿ

ಬೇಸಿಗೆ ರಜೆಯಲ್ಲಿ ಬಳ್ಳಾರಿಯ ಮಕ್ಕಳಿಗಾಗಿ ನಡೆಯುವ ಚಿತ್ರಕಲಾ ತರಗತಿಗಳಲ್ಲಿ ನಾನು ಕಂಡ ಹೆಚ್ಚಿನವು ನಿಸರ್ಗದೃಶ್ಯ, ಹೂದಾನಿ ಹಾಗೂ ಗಣಪತಿಯ ಆಚೆಗೆ ಹೋಗುವುದಿಲ್ಲ. ಆದ್ದರಿಂದ, ಹಲವು ದಿಕ್ಕಿನಿಂದ ಕಂಡ ನೋಟಗಳನ್ನು ತುಂಡುತುಂಡಾಗಿ ಒಂದೇ ಚಿತ್ರದಲ್ಲಿ ಕೂಡಿಸುವ ಕ್ಯೂಬಿಸಂ ಶೈಲಿಯಲ್ಲಿ ಮಕ್ಕಳಿಂದ ಅವರವರ ಭಾವಚಿತ್ರವನ್ನೇ ಬರೆಸುತ್ತಾರೆಂದು ತಿಳಿದಾಗ, ಎಂಟನೆಯ ತರಗತಿಯಲ್ಲಿ ಓದುವ ಮಗಳನ್ನು ಅಲ್ಲಿಗೆ ಸೇರಿಸಿದೆ. ಪಾಲಕರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬಹುದಾಗಿತ್ತು.

ಮೊದಲರ್ಧ ಬಹಳ ಚೆನ್ನಾಗಿತ್ತು. ಈ ಶೈಲಿಯ ಚಿತ್ರಕಾರ ಹ್ವಾನ್ ಗ್ರಿಸ್ 1912ರಲ್ಲಿ ಬರೆದ, ಇನ್ನೊಬ್ಬ ಚಿತ್ರಕಾರ ಪಿಕಾಸೊನ ಭಾವಚಿತ್ರದ ಮುದ್ರಿತ ಪ್ರತಿಯನ್ನು ಗೋಡೆಗೆ ಅಂಟಿಸಿ, ಅದರಲ್ಲಿ ಕೋಟಿನ ಗುಂಡಿಗಳೂ ಕೈಯಲ್ಲಿರುವ ಬಣ್ಣದ ಪ್ಯಾಲೆಟ್ಟೂ ಎಲ್ಲಿವೆ ಎಂದು ಮಕ್ಕಳಿಂದಲೇ ಹುಡುಕಿಸಿದರು; ಚೂರಾದ ಚಿತ್ರದಲ್ಲೂ ಆಳಿನ ಗುರುತು ಉಳಿಯಬೇಕೆಂಬುದು ಭಾಷಣವಿಲ್ಲದೆಯೇ ಮಕ್ಕಳಿಗೆ ತಿಳಿಯಿತು. ನಂತರ ಪ್ರತಿ ಮಗುವಿಗೂ ಒಂದು ಕನ್ನಡಿ ಹಾಗೂ ಮೂರು ಟ್ರೇಸಿಂಗ್ ಹಾಳೆ ಕೊಟ್ಟು, ಎದುರಿನಿಂದ, ಓರೆಯಿಂದ, ಪಕ್ಕದಿಂದ ಕಾಣುವ ಮುಖವನ್ನು ಬೇರೆಬೇರೆಯಾಗಿ ಬರೆಸಿದರು. ಪಕ್ಕದ ನೋಟಕ್ಕೆ ಎರಡನೆಯ ಕನ್ನಡಿಯನ್ನು ಜೊತೆಗಿರುವ ಮಗು ಹಿಡಿಯಬೇಕು. "ಇನ್ನೊಂಚೂರು ತಿರುಗಿಸಮ್ಮ, ಜಡೆ ಕಾಣ್ತೈತಲ್ಲ, ಅದನ್ನೂ ಬರಿ" ಎಂದು ಮೇಷ್ಟ್ರು ಹೇಳಿದ್ದರಿಂದ, ಎದುರಿನಿಂದ ಕಾಣದ ಜಡೆಯೂ ಮಗಳ ಚಿತ್ರಕ್ಕೆ ಸೇರಿತು. ಮೂರೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಅತ್ತಿತ್ತ ಸರಿಸುತ್ತ, ಯಾವ ನೋಟದಿಂದ ಯಾವ ಗೆರೆ ಉಳಿಯಬೇಕೆಂದು ಆರಿಸುವುದು ಮುಂದಿನ ಕೆಲಸ. ಆಕೆ ಎರಡೂ ಕಣ್ಣನ್ನು ಎದುರಿನ ನೋಟದಿಂದಲೂ ಮೂಗನ್ನು ಪಕ್ಕದ ನೋಟದಿಂದಲೂ ತೆಗೆದುಕೊಂಡಳು. ಪ್ರತಿ ತುಂಡಿಗೂ ಒಂದಂಚಿನಲ್ಲಿ ಗಾಢವಾಗಿ ಶೇಡಿಂಗ್ ಮಾಡಿ, ಇನ್ನೊಂದಂಚನ್ನು ಪಕ್ಕದ ತುಂಡಿನೊಳಗೆ ಕರಗುವಂತೆ ಬಿಡಬೇಕೆಂಬ ಪಾಠವಂತೂ ಈ ಶೈಲಿಯ ಜೀವಾಳವನ್ನೇ ಹಿಡಿದಿತ್ತು.

ಬಣ್ಣದ ಹಂತಕ್ಕೆ ಬಂದಾಗ ಇಷ್ಟೆಲ್ಲ ಶ್ರಮ ಪಕ್ಕಕ್ಕೆ ಸರಿದುದು ನನಗೆ ಸರಿಕಾಣಲಿಲ್ಲ. ಪ್ರದರ್ಶನಕ್ಕೆ ಚಿತ್ರಗಳು ಬೇಗ ಸಿದ್ಧವಾಗಲೆಂದು ಜೆರಾಕ್ಸ್ ಮಾಡಿಸಿದ ಸಿದ್ಧ ಮುಖವೊಂದನ್ನು ಎಲ್ಲರಿಗೂ ಹಂಚಿ, ಅದರ ಮೇಲೆ ಸ್ಕೇಲಿನಿಂದ ಅಡ್ಡಾದಿಡ್ಡಿ ಗೆರೆ ಎಳೆಸಿ, ಬಂದ ತ್ರಿಕೋನಗಳಿಗೆ ಪೋಸ್ಟರ್ ಕಲರ್ ತುಂಬಿಸಿದರು. ಗೋಡೆಗೆ ಹಾಕಿದ ಮೇಲೆ ಅವು ಬಣ್ಣದ ಗಾಜಿನ ಕಿಟಕಿಯಂತೆ ಚೆಂದವಾಗಿಯೇ ಕಂಡವು, ಆದರೆ ಯಾವುದು ಯಾರ ಮುಖವೆಂದು ಹೆಸರು ಓದಿ ತಿಳಿಯಬೇಕಾಯಿತು. ಒಂದೇ ದಿಕ್ಕಿನಿಂದ ಕಂಡ ಮುಖವನ್ನು ತುಂಡರಿಸಿದ ಮಾತ್ರಕ್ಕೆ ಅದು ಕ್ಯೂಬಿಸಂ ಆಗುವುದಿಲ್ಲ. ಪ್ಯಾರಿಸ್ಸಿನಲ್ಲಿ ಈ ಶೈಲಿಯನ್ನು ರೂಪಿಸಿದ ಪಿಕಾಸೊ ಮತ್ತು ಬ್ರಾಕ್ 1910ರಿಂದ 1912ರವರೆಗೆ ಬಹುಪಾಲು ಕಂದು, ಬೂದು, ಮಣ್ಣಿನ ಬಣ್ಣಗಳಲ್ಲೇ ಕೆಲಸ ಮಾಡಿದ್ದರು. ಮಕ್ಕಳಿಗೂ ಮೂರೇ ಬಣ್ಣ ಕೊಟ್ಟಿದ್ದರೆ ಅವರು ಬರೆದ ಗೆರೆ ಉಳಿಯುತ್ತಿತ್ತು. 1912ರಿಂದ ಅವರಿಬ್ಬರೂ ಚಿತ್ರದಲ್ಲಿ ಕಾಗದ ಅಂಟಿಸಲಾರಂಭಿಸಿದ್ದನ್ನು ಮೇಷ್ಟ್ರು ಹೇಳಿದರೇ ಹೊರತು ಮಾಡಿಸಲಿಲ್ಲ. ಹಳೆಯ ಪತ್ರಿಕೆಗೂ ಫೆವಿಕಾಲ್‌ಗೂ ಏನು ಮಹಾ ಖರ್ಚು?

ಇನ್ನೊಂದು ಕೊರತೆಯೆಂದರೆ, ಎಲ್ಲ ಉದಾಹರಣೆಗಳೂ ಪ್ಯಾರಿಸ್ಸಿನವು. 1920ರ ದಶಕದಲ್ಲಿ ಕಲ್ಕತ್ತೆಯ ಗಗನೇಂದ್ರನಾಥ ಟ್ಯಾಗೋರರು ಈ ಶೈಲಿಯನ್ನು ತಮ್ಮದೇ ರೀತಿಯಲ್ಲಿ ಬಳಸಿ ಬೆಳಕು-ನೆರಳಿನ ಚಿತ್ರಗಳನ್ನು ಬರೆದರು; ಅವರ ಹೆಸರು ಬರಲೇ ಇಲ್ಲ. ನಮ್ಮ ಜಿಲ್ಲೆಯ ತೊಗಲು ಗೊಂಬೆಗಳಲ್ಲಿ ಮುಖ ಪಕ್ಕಕ್ಕೆ ತಿರುಗಿದ್ದರೂ ಎದೆ ನಮ್ಮ ಕಡೆಗಿರುವುದುಂಟು. ಅದು ಕ್ಯೂಬಿಸಂ ಅಲ್ಲ, ನಿಜ; ಆದರೂ ಎರಡು ನೋಟಗಳು ಒಂದೇ ಆಕೃತಿಯಲ್ಲಿ ಕೂಡಬಲ್ಲವೆಂದು ಇಲ್ಲಿನ ಮಕ್ಕಳಿಗೆ ತೋರಿಸಲು ಅದಕ್ಕಿಂತ ಹತ್ತಿರದ ವಸ್ತು ಇನ್ನೊಂದಿಲ್ಲ.

ಕಲಿಸುವವರಿಗೆ ವಿಷಯ ಗೊತ್ತಿದೆ, ತಾಳ್ಮೆಯೂ ಇದೆ. ಅವಸರವೆಲ್ಲ ಪ್ರದರ್ಶನದ ದಿನಾಂಕದ್ದು. ಪ್ರೌಢಶಾಲೆಯ ಮಕ್ಕಳನ್ನು ಧಾರಾಳವಾಗಿ ಕಳುಹಿಸಬಹುದು, ಅದಕ್ಕಿಂತ ಚಿಕ್ಕವರಿಗೆ ಮೂರು ಹಾಳೆಗಳ ಲೆಕ್ಕ ಹಿಡಿಯುವುದು ಕಷ್ಟ. ಶುಲ್ಕದಲ್ಲಿ ಬಣ್ಣ ಸೇರಿಲ್ಲ, ಅಲ್ಲಿನ ಕನ್ನಡಿಗಳೂ ಅಂಗೈಯಗಲದವು. ಮನೆಯಿಂದಲೇ ದೊಡ್ಡ ಕನ್ನಡಿಯೊಂದನ್ನು ಕೊಟ್ಟು ಕಳುಹಿಸಿ, ಟ್ರೇಸಿಂಗ್ ಹಾಳೆಗಳನ್ನು ತಪ್ಪದೆ ವಾಪಸು ತರಲು ಮಕ್ಕಳಿಗೆ ಹೇಳಿರಿ.