ಸಮಿತಿ ತೀರ್ಮಾನಕ್ಕೆ ಗೂಗಲ್ ಫಾರ್ಮ್ಸ್: ಎಣಿಕೆ ಸರಿ, ಮೂರನೇ ಪ್ರಶ್ನೆ ಬೇಡ

ಹೌದು, ಇಲ್ಲ ಎಣಿಸಲು ಗೂಗಲ್ ಫಾರ್ಮ್ಸ್ ಧಾರಾಳ ಸಾಕು, ಕಾಸೂ ಖರ್ಚಿಲ್ಲ. ತೊಡಕು ಶುರುವಾಗುವುದು ಒಂದಕ್ಕೊಂದು ಗಂಟುಬಿದ್ದ ಪ್ರಶ್ನೆಗಳನ್ನು ಕೇಳಿದಾಗ.

ವಿದ್ಯಾರ್ಥಿವೇತನ ಸಮಿತಿಯನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಕಷ್ಟ, ಓದಿನಲ್ಲಿ ಶ್ರದ್ಧೆ, ಎರಡೂ ಇದ್ದರೆ ಮಾತ್ರ ವೇತನ ಎಂಬುದು ನಿಯಮ. ಸದಸ್ಯರು ಮೂವರು. ಒಬ್ಬರು ಎರಡಕ್ಕೂ ಹೌದು ಎಂದು ವೇತನಕ್ಕೂ ಹೌದು ಎನ್ನುತ್ತಾರೆ. ಎರಡನೆಯವರಿಗೆ ಕಷ್ಟ ಕಾಣುತ್ತದೆ, ಶ್ರದ್ಧೆ ಕಾಣದು. ಮೂರನೆಯವರಿಗೆ ಶ್ರದ್ಧೆ ಕಾಣುತ್ತದೆ, ಕಷ್ಟ ಕಾಣದು. ಇವರಿಬ್ಬರೂ ವೇತನ ಬೇಡ ಎನ್ನುತ್ತಾರೆ. ಫಾರ್ಮ್ಸ್ ಪ್ರಶ್ನೆಗೊಂದು ಪೈ ಚಾರ್ಟ್ ಬಿಡಿಸುತ್ತದೆ: ಕಷ್ಟ ಇದೆ 2–1, ಶ್ರದ್ಧೆ ಇದೆ 2–1, ವೇತನ ಬೇಡ 2–1! ಒಬ್ಬೊಬ್ಬರ ಉತ್ತರದಲ್ಲೂ ತರ್ಕ ಸರಿಯಿದೆ. ಎಡವಿದ್ದು ಒಟ್ಟು ಸಮಿತಿ. ಅರ್ಜಿ ತಿರಸ್ಕಾರಕ್ಕೆ ಕಾರಣ ಬರೆಯಲು ಕೂತ ಕಾರ್ಯದರ್ಶಿಗೆ ಪೇಚಾಟ.

ದೋಷ ಫಾರ್ಮ್ಸ್‌ನದಲ್ಲ. ಹಲವು ನ್ಯಾಯಾಧೀಶರ ಪೀಠಗಳಲ್ಲಿ ಏಳುವ ಇದೇ ಗಂಟನ್ನು ಕಾನೂನು ಪ್ರಾಧ್ಯಾಪಕರಾದ ಕಾರ್ನ್‌ಹೌಸರ್ ಮತ್ತು ಸೇಗರ್ 1986ರಲ್ಲೇ ಚರ್ಚಿಸಿದ್ದರು. ಎಲ್ಲ ಸದಸ್ಯರನ್ನೂ ಎಲ್ಲ ಪ್ರಶ್ನೆಗಳನ್ನೂ ಸಮಾನವಾಗಿ ಕಂಡು, ಯಾವ ಉತ್ತರ ಬಂದರೂ ಪೂರ್ತಿಯಾದ, ವಿರೋಧವಿಲ್ಲದ ತೀರ್ಮಾನ ಕೊಡುವ ನಿಯಮವೇ ಇಲ್ಲವೆಂದು ತತ್ತ್ವಶಾಸ್ತ್ರಜ್ಞರಾದ ಲಿಸ್ಟ್ ಮತ್ತು ಪೆಟಿಟ್ 2002ರಲ್ಲಿ ಸಾಧಿಸಿದರು. ಎಲ್ಲೋ ಒಂದು ಕಡೆ ಬಿಟ್ಟುಕೊಡಲೇಬೇಕು.

ನಮ್ಮ ಸಲಹೆ: 'ವೇತನ ಕೊಡಬೇಕೇ?' ಎಂಬ ಪ್ರಶ್ನೆಯನ್ನು ಫಾರ್ಮ್‌ನಿಂದಲೇ ತೆಗೆಯಿರಿ. ಉಳಿದೆರಡನ್ನು ಕಡ್ಡಾಯ ಮಾಡಿ, ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ಹಾಕಿ, ಉತ್ತರ ತಿದ್ದುವ ಅವಕಾಶವನ್ನೂ ಫಲಿತಾಂಶದ ಸಾರಾಂಶ ತೋರಿಸುವುದನ್ನೂ ಮುಚ್ಚಿಡಿ. ಉತ್ತರಗಳು ಬಂದು ಸೇರುವ ಗೂಗಲ್ ಶೀಟ್‌ನ ಮೊದಲ ಕಾಲಮ್ ಸಮಯದ್ದು, ಉತ್ತರಗಳು ಅದರ ಮುಂದಿನ ಎರಡರಲ್ಲಿ. ಎಣಿಸುವ ಸೂತ್ರವಾದ ಕೌಂಟ್‌ಇಫ್‌ನಿಂದ (COUNTIF) ಒಂದೊಂದರ ಬಹುಮತ ತೆಗೆದು, ಆಮೇಲೆ ಆ ಎರಡನ್ನು ಆಂಡ್‌ನಿಂದ (AND, ಎರಡೂ ಹೌದಾದರೆ ಮಾತ್ರ ಹೌದು ಎನ್ನುವ ಸೂತ್ರ) ಜೋಡಿಸಿ. ಪ್ರತಿ ಸದಸ್ಯರ ಸಾಲಿಗೆ ಮೊದಲು ಆಂಡ್ ಹಾಕಿ ಆಮೇಲೆ ಎಣಿಸಿದರೆ ಉತ್ತರ ತಿರುವುಮುರುವು: ಮೇಲಿನ ಅರ್ಜಿ ಮೊದಲ ಕ್ರಮದಲ್ಲಿ ಪಾಸು, ಎರಡನೆಯದರಲ್ಲಿ ಫೇಲು. ಯಾವ ಕ್ರಮವೆಂದು ಅರ್ಜಿ ತೆರೆಯುವ ಮೊದಲೇ ನಡಾವಳಿಯಲ್ಲಿ ಬರೆದಿಡಿ.

ಇದರಲ್ಲೂ ತೂತಿದೆ. ವೇತನ ತಪ್ಪಿಸಲೇಬೇಕೆಂದಿರುವ ಎರಡನೆಯ ಸದಸ್ಯರು ಕಷ್ಟಕ್ಕೂ 'ಇಲ್ಲ' ಒತ್ತಿದರೆ ಸಾಕು, ಲೆಕ್ಕ 1–2 ಆಗಿ ಅರ್ಜಿ ಬೀಳುತ್ತದೆ. ಮೂರೂ ಪ್ರಶ್ನೆ ಇಟ್ಟುಕೊಳ್ಳಲೇಬೇಕೆಂದರೆ, ಹೌದೋ ಇಲ್ಲವೋ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮತ ಬಿದ್ದದ್ದನ್ನಷ್ಟೇ ಒಪ್ಪಿ: ಒಂಬತ್ತು ಜನರಲ್ಲಿ ಏಳು, ಮೂವರಲ್ಲಿ ಮೂವರೂ. ಆಗ ವಿರೋಧ ಬರುವುದಿಲ್ಲ, ಆದರೆ ಎಷ್ಟೋ ಅರ್ಜಿಗಳು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಲ್ಲುತ್ತವೆ.

ವಾಟ್ಸಾಪ್ ಪೋಲ್ ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ. ಯಾರು ಏನು ಒತ್ತಿದರೆಂದು ಹೆಸರು ಸಮೇತ ಆಗಿಂದಾಗ್ಗೆ ಕಾಣುವಲ್ಲಿ, ಕೊನೆಗೆ ಒತ್ತುವವರದೇ ಆಟ.