ತಜ್ಞರು ಹೇಳಿದ್ದೇನು, ಸರ್ಕಾರ ಮಾಡಿದ್ದೇನು: ಬ್ರಿಟನ್ನಿನ ಕೋವಿಡ್ ವಿಚಾರಣಾ ಆಯೋಗದ ದಾಖಲೆ ಸೇವೆಯ ವಿಮರ್ಶೆ

ಬ್ರಿಟನ್ನಿನ ಕೋವಿಡ್-19 ವಿಚಾರಣಾ ಆಯೋಗವು ತನ್ನ ಮುಂದೆ ಬಂದ ಸಾಕ್ಷ್ಯಗಳನ್ನು ಜನರ ಕೈಗೆ ತಲುಪಿಸುವ ವ್ಯವಸ್ಥೆಯನ್ನು ಒಂದು ಸಾರ್ವಜನಿಕ ಸೇವೆಯೆಂದೇ ಭಾವಿಸಿ ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಿವೃತ್ತ ನ್ಯಾಯಾಧೀಶೆ ಹೆದರ್ ಹ್ಯಾಲೆಟ್ ಅವರ ಅಧ್ಯಕ್ಷತೆಯ ಈ ಆಯೋಗ 2022ರ ಜೂನ್‌ನಲ್ಲಿ ವಿಧಿವತ್ತಾಗಿ ರಚನೆಯಾಯಿತು. ನೇರವಾಗಿ ಪ್ರಸಾರವಾದ ವಿಚಾರಣೆಯನ್ನು ಯೂಟ್ಯೂಬ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಪ್ರಶ್ನೋತ್ತರಗಳ ಅಕ್ಷರಶಃ ದಾಖಲೆ, ಸಾಕ್ಷಿಗಳ ಲಿಖಿತ ಹೇಳಿಕೆ, ಸಭೆಗಳ ಟಿಪ್ಪಣಿ, ಸಚಿವರು ಮತ್ತು ಸಲಹೆಗಾರರ ವಾಟ್ಸ್‌ಆ್ಯಪ್ ಸಂದೇಶಗಳೂ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆ ಸಂದೇಶಗಳನ್ನು ಪೂರ್ತಿಯಾಗಿ ಒಪ್ಪಿಸಲಾಗದೆಂದು ಸರ್ಕಾರವೇ ಹೈಕೋರ್ಟ್ ಮೆಟ್ಟಿಲೇರಿ, 2023ರ ಜುಲೈನಲ್ಲಿ ಸೋತಿತು ಎಂಬುದನ್ನು ನೆನೆದರೆ ಇದು ಸುಲಭವಾಗಿ ದಕ್ಕಿದ ಸೌಲಭ್ಯವಲ್ಲವೆಂದು ತಿಳಿಯುತ್ತದೆ.

ಈ ಸೇವೆಯ ನಿಜವಾದ ಬೆಲೆ ತಿಳಿಯಬೇಕಾದರೆ 2020ರ ಸೆಪ್ಟೆಂಬರ್ ತಿಂಗಳ ದಾಖಲೆಗಳನ್ನು ತೆರೆಯಬೇಕು. ಸರ್ಕಾರಕ್ಕೆ ವೈಜ್ಞಾನಿಕ ಸಲಹೆ ನೀಡುವ 'ಸೇಜ್' ಎಂಬ ತಜ್ಞರ ಸಮಿತಿಯು ಸೆಪ್ಟೆಂಬರ್ 21ರಂದು ಸಭೆ ಸೇರಿ, ಸೋಂಕಿನ ಏರಿಕೆಯನ್ನು ತಡೆಯಲು ಅಲ್ಪಾವಧಿಯ ಕಟ್ಟುನಿಟ್ಟಾದ ಲಾಕ್‌ಡೌನ್ ಸೇರಿದಂತೆ ಹಲವು ಕ್ರಮಗಳನ್ನು ತಕ್ಷಣ ಪರಿಗಣಿಸಬೇಕೆಂದು ಹೇಳಿತು. ಮರುದಿನ ಪ್ರಧಾನಿ ಬೋರಿಸ್ ಜಾನ್ಸನ್ ಪ್ರಕಟಿಸಿದ್ದು ಪಬ್ಬುಗಳು ರಾತ್ರಿ ಹತ್ತಕ್ಕೆ ಬಾಗಿಲು ಹಾಕಬೇಕು, ಸಾಧ್ಯವಿದ್ದವರು ಮನೆಯಿಂದ ಕೆಲಸ ಮಾಡಬೇಕು ಎಂಬಂಥ ಸೌಮ್ಯ ನಿಯಮಗಳನ್ನು. ಆ ಸಭೆಯ ಟಿಪ್ಪಣಿ ಜನರ ಕಣ್ಣಿಗೆ ಬಿದ್ದದ್ದು ಅಕ್ಟೋಬರ್ 12ರಂದು, ಅಂದರೆ ಮೂರು ವಾರಗಳ ನಂತರ. ಇಂಗ್ಲೆಂಡಿನಲ್ಲಿ ಲಾಕ್‌ಡೌನ್ ಜಾರಿಗೆ ಬಂದದ್ದು ನವೆಂಬರ್ 5ರಂದು. ಸಲಹೆಯನ್ನು ತಿರಸ್ಕರಿಸುವ ಅಧಿಕಾರ ಚುನಾಯಿತ ಸರ್ಕಾರಕ್ಕೆ ಖಂಡಿತವಾಗಿ ಇದೆ. ಜೀವನೋಪಾಯ, ಶಾಲೆ, ಮಾನಸಿಕ ಆರೋಗ್ಯ ಇವೆಲ್ಲವನ್ನೂ ತೂಗಿನೋಡುವುದು ತಜ್ಞರ ಕೆಲಸವಲ್ಲ, ಸರ್ಕಾರದ್ದೇ. ಆದರೆ ತಿರಸ್ಕರಿಸಿದ ಮೇಲೆ, 'ತಜ್ಞರು ಹೀಗೆಂದರು, ಈ ಕಾರಣಕ್ಕೆ ನಾವು ಹಾಗೆ ಮಾಡಲಿಲ್ಲ' ಎಂದು ಅದೇ ದಿನ ಜನರೆದುರು ಹೇಳುವ ಹೊಣೆಯೂ ಅದರದೇ. ವಿಜ್ಞಾನವನ್ನು ಅನುಸರಿಸುತ್ತಿದ್ದೇವೆ ಎಂದು ದಿನವೂ ಹೇಳುತ್ತಿದ್ದ ಸರ್ಕಾರವು ವಿಜ್ಞಾನ ಬೇರೆ ಮಾತು ಹೇಳಿದ ದಿನ ಸುಮ್ಮನಿದ್ದದ್ದನ್ನು ಈ ಕಡತಗಳು ದಿನಾಂಕಸಹಿತವಾಗಿ ತೋರಿಸುತ್ತವೆ.

ಅದೇ ವರ್ಷದ ಆಗಸ್ಟ್‌ನಲ್ಲಿ ಹೋಟೆಲುಗಳಲ್ಲಿ ಊಟ ಮಾಡುವವರಿಗೆ ಅರ್ಧ ಬಿಲ್ಲನ್ನು, ತಲೆಗೆ ಗರಿಷ್ಠ 10 ಪೌಂಡ್‌ವರೆಗೆ, ಸರ್ಕಾರವೇ ಭರಿಸಿದ ಯೋಜನೆಯ ವಿಚಾರದಲ್ಲಂತೂ ಹೇಳಿಕೆಗಳು ಒಂದಕ್ಕೊಂದು ಎದುರಾಗುತ್ತವೆ. ಇದನ್ನು ತಜ್ಞರೊಂದಿಗೆ ಚರ್ಚಿಸಲಾಗಿತ್ತು ಎಂಬ ಅರ್ಥದಲ್ಲಿ ಜಾನ್ಸನ್ ಲಿಖಿತ ಹೇಳಿಕೆ ನೀಡಿದ್ದರು. ಮುಖ್ಯ ವೈಜ್ಞಾನಿಕ ಸಲಹೆಗಾರರಾಗಿದ್ದ ಪ್ಯಾಟ್ರಿಕ್ ವ್ಯಾಲೆನ್ಸ್ ತಮಗೆ ಮೊದಲೇ ತಿಳಿಸಿರಲಿಲ್ಲವೆಂದು ಸಾಕ್ಷ್ಯ ನುಡಿದರು. ಆಗ ಹಣಕಾಸು ಸಚಿವರಾಗಿದ್ದ ರಿಷಿ ಸುನಕ್, ಘೋಷಣೆಗೂ ಜಾರಿಗೂ ನಡುವೆ ಆಕ್ಷೇಪ ಎತ್ತಲು ತಜ್ಞರಿಗೆ ಕಾಲಾವಕಾಶವಿತ್ತು ಎಂದರು. ಮೂವರ ಮಾತನ್ನೂ ಅಕ್ಕಪಕ್ಕದಲ್ಲಿಟ್ಟು ಓದುವ ಅವಕಾಶ ಸಾಮಾನ್ಯ ನಾಗರಿಕನಿಗೆ ಸಿಗುವುದು ಬಹಳ ಅಪರೂಪ, ಮತ್ತು ಇದೊಂದಕ್ಕೇ ನಾನು ಈ ಸೇವೆಗೆ ಹೆಚ್ಚಿನ ಅಂಕ ಕೊಡುತ್ತೇನೆ.

ಆಯೋಗ ತಜ್ಞರನ್ನು ಪ್ರಶ್ನಾತೀತರೆಂದು ಭಾವಿಸಿಲ್ಲ ಎಂಬುದೂ ಮೆಚ್ಚತಕ್ಕದ್ದು. ನಿರ್ಬಂಧ ಬೇಗ ಹೇರಿದರೆ ಜನ ಬೇಸತ್ತು ಪಾಲಿಸುವುದನ್ನು ಬಿಡುತ್ತಾರೆ ಎಂಬ ವಾದಕ್ಕೆ ವರ್ತನಾ ವಿಜ್ಞಾನದ ಆಧಾರವಿರಲಿಲ್ಲವೆಂದು 2025ರ ನವೆಂಬರ್ 20ರಂದು ಹೊರಬಂದ, ಸರ್ಕಾರದ ತೀರ್ಮಾನಗಳ ಕುರಿತ ಆಯೋಗದ ಎರಡನೆಯ ಹಂತದ ವರದಿ ಹೇಳುತ್ತದೆ. 2020ರ ಮಾರ್ಚ್ 23ರ ಲಾಕ್‌ಡೌನ್ ಒಂದು ವಾರ ಮೊದಲೇ ಬಂದಿದ್ದರೆ ಇಂಗ್ಲೆಂಡಿನ ಮೊದಲ ಅಲೆಯಲ್ಲಿ ಸುಮಾರು 23,000 ಸಾವುಗಳು ತಪ್ಪುತ್ತಿದ್ದವು ಎಂಬ ಗಣಿತ ಮಾದರಿಯ ಅಂದಾಜನ್ನೂ ಅದು ಉಲ್ಲೇಖಿಸುತ್ತದೆ. ಅದು ಅಂದಾಜೇ ಹೌದು, ಆದರೆ ಆ ಮನೆಗಳ ಪಾಲಿಗೆ ಬರಿಯ ಅಂಕಿಯಲ್ಲ.

ಕೊರತೆಗಳು ಸಣ್ಣವಲ್ಲ. ತೀರ್ಮಾನಗಳನ್ನು ಕೈಗೊಂಡ ಐದೂವರೆ ವರ್ಷಗಳ ನಂತರ ಅವುಗಳ ಕುರಿತ ವರದಿ ಬಂದಾಗ, ಉತ್ತರ ಕೊಡಬೇಕಾದ ಪ್ರಧಾನಿಯೂ ಅವರ ಪಕ್ಷದ ಸರ್ಕಾರವೂ ಅಧಿಕಾರದಲ್ಲಿ ಇರಲಿಲ್ಲ. 2005ರ ವಿಚಾರಣಾ ಕಾಯ್ದೆಯ ಪ್ರಕಾರ ಯಾರ ಮೇಲೂ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಯನ್ನು ನಿರ್ಧರಿಸುವ ಅಧಿಕಾರ ಆಯೋಗಕ್ಕಿಲ್ಲ. ಕಡತಗಳಿಗೆ ಕೊಟ್ಟಿರುವ ಉದ್ದುದ್ದ ಸಂಖ್ಯೆಗಳಿಂದ ಒಳಗೇನಿದೆಯೆಂದು ಊಹಿಸಲಾಗುವುದಿಲ್ಲ. ಘಟನೆಯ ದಿನಾಂಕವನ್ನು ಮೊದಲೇ ತಿಳಿದುಕೊಂಡು ಹುಡುಕುವುದು ಒಳ್ಳೆಯದು.

ಕರ್ನಾಟಕದ ಓದುಗರಿಗೆ ಇದು ದೂರದ ದೇಶದ ಸಂಗತಿಯಾಗಿ ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಕಂಡ ರೂಪಾಂತರಿ ವೈರಾಣುವಿನ ಭೀತಿಯಲ್ಲೇ 2020ರ ಡಿಸೆಂಬರ್ 23ರಂದು ನಮ್ಮ ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಘೋಷಣೆಯಾಗಿ, ಜಾರಿಗೆ ಬರುವ ಮೊದಲೇ ಮರುದಿನ ರದ್ದಾಯಿತು. ಡಾ. ಎಂ.ಕೆ. ಸುದರ್ಶನ್ ನೇತೃತ್ವದ ತಾಂತ್ರಿಕ ಸಲಹಾ ಸಮಿತಿಯು ಆ ಅವಧಿಯಲ್ಲಿ ಕೊಟ್ಟ ಸಲಹೆಗಳನ್ನು ನಾವು ಹೆಚ್ಚಾಗಿ ತಿಳಿದದ್ದು ಪತ್ರಿಕೆಗಳಿಂದ ಮತ್ತು ಸಚಿವರ ಮಾತುಗಳಿಂದ. ಮುಂದೆ ನೇಮಕವಾದ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಆಯೋಗದ ಮುಖ್ಯ ಪ್ರಶ್ನೆ ಕೋವಿಡ್ ಕಾಲದ ಖರೀದಿಗಳ ಕುರಿತದ್ದು. ಅದೂ ಬೇಕಾದದ್ದೇ; ಆದರೆ ಯಾವ ದಿನ ತಜ್ಞರು ಏನು ಹೇಳಿದರು, ಸಂಪುಟ ಏನು ಮಾಡಿತು, ಏಕೆ ಎಂಬುದನ್ನು ಕೇಳಿ, ಉತ್ತರವನ್ನು ಎಲ್ಲರೂ ಓದುವಂತೆ ಇಡುವ ಕೆಲಸ ಬೇರೆಯದೇ, ಅದು ನಮ್ಮಲ್ಲೂ ಆಗಬೇಕು.

ಹೊಸಬರು ವರದಿಯಿಂದ ಆರಂಭಿಸದೆ 2023ರ ನವೆಂಬರ್ 20ರ ವ್ಯಾಲೆನ್ಸ್ ಸಾಕ್ಷ್ಯ, ಆ ಬೆನ್ನಲ್ಲೇ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟಿ ಅವರದು, ಡಿಸೆಂಬರ್ 6 ಮತ್ತು 7ರ ಜಾನ್ಸನ್ ಸಾಕ್ಷ್ಯ, 11ರ ಸುನಕ್ ಸಾಕ್ಷ್ಯ ಈ ಕ್ರಮದಲ್ಲಿ ಓದಲಿ. ಆಯೋಗದ ತೀರ್ಪನ್ನು ನೋಡುವ ಮೊದಲು ಅವರವರ ಮಾತನ್ನು ಸ್ವತಃ ತೂಗಿನೋಡಲು ಇದರಿಂದ ಅನುಕೂಲವಾಗುತ್ತದೆ.