ಮಂದ ಗಾಳಿಯಲ್ಲಿ ಹೊಸ ಹೈ ಆಸ್ಪೆಕ್ಟ್ ಫಾಯಿಲ್: ನನಗಾದದ್ದು ನಿಮಗಾಗದಿರಲಿ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ನೆಲೆಸಿರುವ ಕನ್ನಡಿಗರಲ್ಲಿ ಕೆಲವರು ವಿಂಗ್ ಫಾಯಿಲಿಂಗ್ (ಕೈಯಲ್ಲಿ ಹಿಡಿದ, ಗಾಳಿ ತುಂಬಿದ ‘ವಿಂಗ್’ ಬೋರ್ಡನ್ನು ಎಳೆಯುತ್ತದೆ, ಬೋರ್ಡಿನ ಕೆಳಗೆ ನೀರೊಳಗಿರುವ ರೆಕ್ಕೆಗಳ ‘ಫಾಯಿಲ್’ ಅದನ್ನು ನೀರಿನಿಂದ ಮೇಲೆತ್ತುತ್ತದೆ) ಕಲಿತು, ಈಗ ಎರಡನೆಯ ಫಾಯಿಲ್ ಕೊಳ್ಳುವ ಯೋಚನೆಯಲ್ಲಿದ್ದಾರೆ. ಇದನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ. ಕಳೆದ ಜುಲೈನ ಒಂದು ಸಂಜೆ ಫಾಸ್ಟರ್ ಸಿಟಿಯ ಥರ್ಡ್ ಅವೆನ್ಯೂ ದಂಡೆಯಿಂದ ಹೊಸ ಫಾಯಿಲ್ ಜೋಡಿಸಿಕೊಂಡು ನೀರಿಗಿಳಿದ ನನಗೆ, ಇಳಿದ ಜಾಗಕ್ಕೆ ಮರಳಿ ಬರಲು ಆಗಲಿಲ್ಲ.

ನನ್ನ ಹಳೆಯ ಫಾಯಿಲ್‌ನ ಮುಂದಿನ ರೆಕ್ಕೆಯ ವಿಸ್ತೀರ್ಣ 1500 ಚದರ ಸೆಂ.ಮೀ., ತುದಿಯಿಂದ ತುದಿಗೆ 95 ಸೆಂ.ಮೀ. ಹೊಸದರ ವಿಸ್ತೀರ್ಣ 1000 ಚದರ ಸೆಂ.ಮೀ., ತುದಿಯಿಂದ ತುದಿಗೆ 105. ಈ ಉದ್ದದ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಆಸ್ಪೆಕ್ಟ್ ಅನುಪಾತ ಸಿಗುತ್ತದೆ: ಹಳೆಯದರಲ್ಲಿ 6, ಹೊಸದರಲ್ಲಿ 11. ನೀಳವಾದ ಸಪೂರ ರೆಕ್ಕೆಯ ತುದಿಗಳಲ್ಲಿ ಏಳುವ ಸುಳಿ ಕಡಿಮೆ, ಆದ್ದರಿಂದ ನೀರಿನ ಎಳೆತವೂ ಕಡಿಮೆ. ಒಮ್ಮೆ ಮೇಲೆದ್ದ ಬೋರ್ಡ್ ಅಲ್ಪ ಗಾಳಿಯಲ್ಲೂ ಬಹುದೂರ ಸಾಗುತ್ತದೆ. ಎಂಟು ನಾಟ್ (ಗಂಟೆಗೆ ಸುಮಾರು 15 ಕಿ.ಮೀ.) ಗಾಳಿ ಸಾಕು ಎಂದು ಅಂಗಡಿಯವರು ಹೇಳಿದ್ದು ಈ ಸಾಗುವಿಕೆಯನ್ನು ಕುರಿತು. ಮೇಲೇಳುವ ವಿಷಯವನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ವಿಸ್ತೀರ್ಣ ಮೂರನೇ ಒಂದು ಭಾಗ ಕುಗ್ಗಿದರೆ, ಅದೇ ತೂಕವನ್ನು ಎತ್ತಲು ಬೋರ್ಡ್ ಸುಮಾರು ಐದನೇ ಒಂದು ಭಾಗ ಹೆಚ್ಚು ವೇಗ ಪಡೆಯಬೇಕು. ಅದರ ಮೇಲೆ, ವೆಟ್‌ಸೂಟ್ ಸೇರಿ 82 ಕಿಲೊ ತೂಗುವ ನಾನು ಬಳಸಿದ್ದು 75 ಲೀಟರಿನ, ಎಂದರೆ ಹೆಚ್ಚೆಂದರೆ 75 ಕಿಲೊ ತೇಲಿಸಬಲ್ಲ ಬೋರ್ಡ್. ವಿಂಗ್ ನನ್ನ ಭಾರವನ್ನು ಎತ್ತಿ ಹಿಡಿಯದಿದ್ದರೆ ಬೋರ್ಡ್ ನನ್ನ ಕಾಲಡಿಯಲ್ಲೇ ಮುಳುಗುತ್ತದೆ.

ಇಳಿದಾಗ 12 ನಾಟ್ ಗಾಳಿಯಿತ್ತು. ಮೂರನೆಯ ಯತ್ನಕ್ಕೆ ಮೇಲೆದ್ದೆ. ಸದ್ದೇ ಇಲ್ಲದ ಆ ಓಟ ಎಷ್ಟು ಹಿತವಾಗಿತ್ತೆಂದರೆ, ಗಾಳಿ ಇಳಿಯುತ್ತಿರುವುದು ನನ್ನ ಗಮನಕ್ಕೇ ಬರಲಿಲ್ಲ. ಹಳೆಯ ಫಾಯಿಲ್ ಆಗಿದ್ದರೆ ಗಾಳಿ ಸೋತ ಕೂಡಲೇ ಬೋರ್ಡ್ ತಗ್ಗಿ ನನ್ನನ್ನು ಎಚ್ಚರಿಸುತ್ತಿತ್ತು. ಇದು ಎಚ್ಚರಿಸದೆ ಇನ್ನೂ ದೂರ ಕರೆದೊಯ್ದಿತು. ತಿರುಗುವಾಗ ವೇಗ ತುಸು ತಗ್ಗಿದ್ದೇ ತಡ, ರೆಕ್ಕೆ ಹಿಡಿತ ಬಿಟ್ಟು ಬೋರ್ಡ್ ದಪ್ಪನೆ ಕುಸಿಯಿತು. ಬೀಳುವಾಗ ಕಾರ್ಬನ್ ರೆಕ್ಕೆಯ ಹಿಂಬದಿಯ ಅಂಚು ಮೊಣಕಾಲ ಕೆಳಗೆ ತಗುಲಿತು. ವೆಟ್‌ಸೂಟ್ ಬೆರಳುದ್ದ ಸೀಳಿ, ಒಳಗೆ ಉಪ್ಪುನೀರು ಉರಿಯತೊಡಗಿದ ಮೇಲಷ್ಟೇ ಗಾಯವಾಗಿರುವುದು ತಿಳಿಯಿತು.

ಆಮೇಲೆ ಎಂಟೊಂಬತ್ತು ಸಲ ಏಳಲು ನೋಡಿದೆ. ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, 12 ನಾಟ್ ಇದ್ದದ್ದು 8ಕ್ಕೆ ಇಳಿದರೆ ಅರ್ಧಕ್ಕಿಂತ ಕಡಿಮೆ ಬಲ ಉಳಿಯುತ್ತದೆ. ಅಷ್ಟರಲ್ಲಿ ಉಬ್ಬರ ಶುರುವಾಗಿತ್ತು. ಅಲ್ಲಿ ಉಬ್ಬರದ ನೀರೂ ವಾಯವ್ಯದ ಗಾಳಿಯೂ ಒಂದೇ ಕಡೆಗೆ, ಸ್ಯಾನ್ ಮೇಟಿಯೊ ಸೇತುವೆಯತ್ತ ತಳ್ಳುತ್ತವೆ. ಪ್ರವಾಹ ಒಂದೇ ನಾಟ್ ಎಂದುಕೊಂಡರೂ ಗಂಟೆಗೆ 1.85 ಕಿ.ಮೀ. ಆಯಿತು. ಸೇತುವೆಯ ಸಂದುಗಳ ಮೇಲೆ ಕಾರುಗಳು ಹಾಯುವ ದಡದಡ ಸದ್ದು ತಲೆಯ ಮೇಲೆಯೇ ಕೇಳಿಸಿದಾಗ ನಿಜಕ್ಕೂ ಹೆದರಿದೆ. ವಿಂಗನ್ನು ಬೋರ್ಡಿನ ಹಿಂಭಾಗಕ್ಕೆ ಮಗುಚಿ ಹಾಕಿ, ಅಂಗಾತವಲ್ಲ, ಬೋರಲಾಗಿ ಮಲಗಿ, ಚಿಪ್ಪು ಮೆತ್ತಿದ ಕಂಬಗಳಿಂದ ದೂರ ಉಳಿಯುತ್ತಾ ಒಂದು ಗಂಟೆ ಕೈಯಿಂದ ನೀರು ತಳ್ಳಿ, ಸೇತುವೆಯ ಆಚೆ ಕಲ್ಲುರಾಶಿಯ ದಂಡೆ ಸೇರಿದೆ. ಕಾಲಿಗೆ ಆರು ಹೊಲಿಗೆ ಬಿದ್ದವು.

ದಯವಿಟ್ಟು ಹೊಸ ಫಾಯಿಲನ್ನು ಮೊದಲು ಹದಿನೈದು ನಾಟಿನ ಏರಿಳಿತವಿಲ್ಲದ ಗಾಳಿಯಲ್ಲಿ, ಕೈಗೆ ಒಗ್ಗಿದ ಬೋರ್ಡ್ ಮತ್ತು ವಿಂಗ್‌ಗಳೊಂದಿಗೇ ಪರೀಕ್ಷಿಸಿ. ಮಂದ ಗಾಳಿಗೆ ಇಳಿಯಲೇಬೇಕೆಂದರೆ ನಿಮ್ಮ ತೂಕಕ್ಕಿಂತ ಇಪ್ಪತ್ತು ಮೂವತ್ತು ಲೀಟರ್ ಹೆಚ್ಚಿರುವ, ಗಾಳಿಯಿಲ್ಲದೆಯೂ ಮೇಲೆ ನಿಲ್ಲಬಹುದಾದ ಬೋರ್ಡ್ ಇರಲಿ. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆಯಾದ ನೋವಾದ (NOAA) ಪ್ರವಾಹದ ವೇಳಾಪಟ್ಟಿಯನ್ನು ಹೊರಡುವ ಮೊದಲೇ ನೋಡಿ. ನಾನು ಗಾಳಿಯ ಮುನ್ಸೂಚನೆಯನ್ನಷ್ಟೇ ನೋಡಿದ್ದೆ. ಬೀಳುವುದು ಖಚಿತವೆನಿಸಿದಾಗ ಬೋರ್ಡಿನಿಂದ ದೂರಕ್ಕೆ ಹಾರಿ. ಹೆಲ್ಮೆಟ್ ಇರಲಿ, ಎದೆಯ ಚೀಲದಲ್ಲಿ ತುರ್ತು ಕರೆಯ ಚಾನೆಲ್ 16 ಹಿಡಿಯುವ ವಿಎಚ್‌ಎಫ್ ಸಾಗರ ರೇಡಿಯೊ ಇರಲಿ. ನನ್ನ ರೇಡಿಯೊ ಅಂದು ಕಾರಿನಲ್ಲಿತ್ತು.

ಆ ಫಾಯಿಲನ್ನು ನಾನು ಮಾರಿಲ್ಲ. ಈಗ ಅದು 110 ಲೀಟರಿನ ಬೋರ್ಡಿನ ಕೆಳಗಿದೆ, ಮತ್ತು ಇಳಿತದ ನೀರು ನನ್ನನ್ನು ಗಾಳಿಗೆದುರಾಗಿ ದಂಡೆಯತ್ತ ತರುವ ಹೊತ್ತಿನಲ್ಲಿ ಮಾತ್ರ ಅದನ್ನು ನೀರಿಗಿಳಿಸುತ್ತೇನೆ.